ಗ್ರೀಕ್ ಮೇಷ್ಟ್ರ ದಪ್ಪ ನಿಘಂಟು

ನಮ್ಮ ಗ್ರೀಕ್ ಮೇಷ್ಟ್ರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಸಿಪ್ಪೆ ಸುಲಿದ ಕಡಲೆಕಾಯಿ ಬೀಜದ ಹಾಗೆ ಬೆಳ್ಳಗೆ, ನುಣ್ಣಗೆ. ಶಿಡ್ಲಘಟ್ಟದಲ್ಲಿ ಅವರ ಮನೆತನದ್ದು ರೇಷ್ಮೆ ನೂಲು ತೆಗೆಯುವ ಕಸುಬು. ಚಿಕ್ಕಂದಿನಿಂದ ಬಿಸಿನೀರಿನಲ್ಲಿ ಗೂಡು ತಡವಿದ ಕೈ. ಬೆಂಗಳೂರಿನ ವಿಶ್ವವಿದ್ಯಾಲಯದ ಬೆರಳಚ್ಚಿನ ಹಾಜರಾತಿ ಯಂತ್ರ ಅವರನ್ನು ದಿನಾ ತಿರಸ್ಕರಿಸುತ್ತಿತ್ತು. “ನಾನು ಬಂದೇ ಇಲ್ಲ ಅಂತಿದೆ ಕಣ್ರಪ್ಪ,” ಎನ್ನುತ್ತ ಪಾಠ ಶುರುಮಾಡುತ್ತಿದ್ದರು.

ತರಗತಿಯಲ್ಲಿ ನಾವು ನಾಲ್ಕೇ ಜನ. ಪ್ರಾಚೀನ ಗ್ರೀಕ್ ಕಲಿಯುತ್ತೇನೆಂದಾಗ ಚಿಂತಾಮಣಿಯಲ್ಲಿ ನಮ್ಮಜ್ಜಿ, “ಎಂದುಕಮ್ಮಾ, ಯಾಕೆ? ಅಲ್ಲಿ ನಮ್ಮೋರು ಯಾರಿದಾರೆ?” ಎಂದಿದ್ದಳು. ಇದನ್ನು ಹೇಳಿದರೆ ಮೇಷ್ಟ್ರು ನಗಲಿಲ್ಲ. “ಸರಿಯಾದ ಪ್ರಶ್ನೆ. ಅನುವಾದ ಮಾಡೋವಾಗ್ಲೂ ಅದನ್ನೇ ಕೇಳ್ಕೋ. ಈ ವಾಕ್ಯದಲ್ಲಿ ನಮ್ಮೋರು ಯಾರಿದಾರೆ?”

ಒಂದು ವಾಕ್ಯಕ್ಕೆ ಒಂದು ಗಂಟೆ. ಅರ್ಥ ಊಹಿಸಿ ಮುಂದೆ ಓಡಿದರೆ, “ಎಳೀಬೇಡ, ಕಿತ್ತೋಗ್ತದೆ. ತುದಿ ಸಿಗೋವರೆಗೂ ತಡವು,” ಎನ್ನುತ್ತಿದ್ದರು. ಅವರು ಅವಸರಪಟ್ಟದ್ದನ್ನು ನಾನು ಕಂಡದ್ದು ಒಂದೇ ಸಲ.

ಅವರ ಜೀವವೆಲ್ಲ ಒಂದು ಗ್ರೀಕ್ ನಿಘಂಟಿನಲ್ಲಿತ್ತು. ಇಟ್ಟಿಗೆಗಿಂತ ದಪ್ಪ. ಮುಟ್ಟಬೇಕಾದರೆ ಸೋಪು ಹಾಕಿ ಕೈ ತೊಳೆದು, ಒರೆಸಿ, ಎರಡೂ ಕಡೆ ತಿರುಗಿಸಿ ತೋರಿಸಬೇಕು. ಅದರ ಪಕ್ಕ ಟೀ ಲೋಟ ಇಟ್ಟ ಸಹಪಾಠಿಯೊಬ್ಬ ಒಂದು ವಾರ ಬಾಗಿಲ ಬಳಿ ಕೂತು ಪಾಠ ಕೇಳಿದ.

ಪರೀಕ್ಷೆಗೆ ಮುಂಚಿನ ಭಾನುವಾರ ನನ್ನನ್ನು ಶಿಡ್ಲಘಟ್ಟಕ್ಕೆ ಕರೆದರು. ರಜಾದಿನ ಅವರು ತಮ್ಮನ ನೂಲಿನ ಘಟಕದಲ್ಲಿ ಕೂರುತ್ತಿದ್ದರು. ಬಿಸಿನೀರಿನ ತೊಟ್ಟಿಯ ಮುಂದೆ ಅವರು, ಪಕ್ಕದ ಮಣೆಯ ಮೇಲೆ ಬಟ್ಟೆ ಸುತ್ತಿದ ನಿಘಂಟು, ಎದುರಿಗೆ ಸ್ಟೂಲಿನ ಮೇಲೆ ನಾನು. ನನ್ನ ಬೆನ್ನ ಹಿಂದೆ ಮೋಟರಿನ ಬೆಲ್ಟಿನಿಂದ ತಿರುಗುವ ರಾಟೆಗಳು. ಎಲ್ಲರೂ ಮೊದಲು ಕಲಿಯುವ ಕ್ರಿಯಾಪದವೇ ನನಗೆ ಬರುತ್ತಿರಲಿಲ್ಲ: ‘ಲೂಓ’, ಅಂದರೆ ಬಿಡಿಸುತ್ತೇನೆ. “ಬಿಡಿಸುತ್ತೇನೆ, ಬಿಡಿಸುತ್ತೀಯ, ಬಿಡಿಸುತ್ತಾನೆ,” ಎಂದು ತೂಗಾಡುತ್ತ ಒಪ್ಪಿಸುತ್ತಿದ್ದೆ. ದುಪಟ್ಟಾದ ತುದಿ ಬೆಲ್ಟಿಗೆ ಸಿಕ್ಕಿತು.

ಇನ್ನೂ ಅಲ್ಲೇ ಇದ್ದೇನೆ ಅನ್ನಿಸುತ್ತದೆ. ಕುತ್ತಿಗೆ ಹಿಂದಕ್ಕೆ ಹೋಯಿತು, ಸ್ಟೂಲು ಉರುಳಿತು, ಬಾಯಿ ತೆರೆದರೆ ದನಿಯಿಲ್ಲ. ಮೇಲೆ ತಗಡು, ತಗಡಿನಲ್ಲೊಂದು ತೂತು. ಸ್ವಿಚ್ಚು ಆಚೆ ಗೋಡೆಯಲ್ಲಿ. ಮೇಷ್ಟ್ರು ಅತ್ತ ಓಡಲಿಲ್ಲ. ಒದ್ದೆ ಕೈಯಲ್ಲೇ ನಿಘಂಟನ್ನೆತ್ತಿ ಬೆಲ್ಟಿಗೂ ಚಕ್ರಕ್ಕೂ ನಡುವೆ ತುರುಕಿದರು. ಪರ್ರೆಂದಿತು. ಬೆಲ್ಟು ಕಳಚಿ ಬಿತ್ತು. ನಾನು ನೆಲದ ಮೇಲಿದ್ದೆ, ಕೆಮ್ಮುತ್ತಿದ್ದೆ.

“ಭಾಯ್, ಕಿತಾಬ್!” ಎಂದು ಅವರ ತಮ್ಮ ತಲೆ ಚಚ್ಚಿಕೊಂಡರು.

ಮೇಷ್ಟ್ರು ಕೂತು ಚೂರುಗಳನ್ನು ಆರಿಸಿದರು. “ಲಾಂಬ್ಡಾ ಅಕ್ಷರ ಪೂರ್ತಿ ಹೋಯ್ತಮ್ಮ. ನಿನ್ ‘ಲೂಓ’ನೂ ಹೋಯ್ತು. ಇನ್ಮೇಲೆ ನೀನೇ ನೆನಪಿಟ್ಕೋಬೇಕು.” ಆಮೇಲೆ ತಮ್ಮ ಬೆರಳು ನೋಡಿಕೊಂಡು, ಕಳ್ಳ ಸಿಕ್ಕಿಬಿದ್ದ ಹಾಗೆ ಮೆಲ್ಲಗೆ ಹೇಳಿದರು: “ಕೈ ತೊಳ್ದಿರ್ಲಿಲ್ಲ ನಾನು.”

ಆ ಪರೀಕ್ಷೆಯಲ್ಲಿ ಫೇಲಾದೆ. ಗ್ರಂಥಾಲಯದ ಪ್ರತಿ ನೋಡಿ ಲಾಂಬ್ಡಾದ ಪುಟಗಳನ್ನೆಲ್ಲ ಕೈಯಲ್ಲೇ ಬರೆದು ತರಬೇಕೆಂದು ಅಪ್ಪಣೆಯಾಯಿತು. “ಜೆರಾಕ್ಸ್ ಮಾಡಿಸ್ತೀನಿ ಸರ್,” ಎಂದೆ. “ಆ ಮಿಷನ್ನು ಗ್ರೀಕ್ ಕಲ್ತು ಏನ್ಮಾಡ್ತದೆ?” ಮೂರು ತಿಂಗಳು ಹಿಡಿಯಿತು, ಅಷ್ಟರಲ್ಲಿ ಗ್ರೀಕ್ ಬಂದಿತ್ತು. ಅಂದಿನಿಂದ ಹಾಜರಿಯಲ್ಲಿ ನನ್ನ ಹೆಸರು ಕೂಗಲಿಲ್ಲ. ದುಪಟ್ಟಾ ಕಡೆ ನೋಡಿ, “ಪಿನ್ನು?” ಎನ್ನುತ್ತಿದ್ದರು. “ಇದೆ ಸರ್.”

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ನಿಘಂಟನ್ನು ನನಗೆ ಕೊಡುವ ಮೊದಲು ಅವರ ಹೆಂಡತಿ, “ಕೈ ತೊಳ್ಕೊಂಡು ಬಾ ಬೇಟಿ,” ಎಂದರು. ನಡುವೆ ಮೇಷ್ಟ್ರು ನನ್ನ ಲಾಂಬ್ಡಾ ಹಾಳೆಗಳನ್ನು ಹೊಲಿದಿದ್ದರು. ತುಂಬ ಕೆಂಪು ಶಾಯಿಯ ತಿದ್ದುಪಡಿ.

ಈಗಲೂ ಪಕ್ಕದ ಮನೆಯ ಮಿಕ್ಸಿ ಗರ್ರೆಂದರೆ ನನ್ನ ಕೈ ಕುತ್ತಿಗೆಗೆ ಹೋಗುತ್ತದೆ. ಬೆರಳಿಗೆ ತಣ್ಣಗೆ ಏನೋ ತಗಲುತ್ತದೆ.

ಇದೆ ಸರ್.