ಮಣಿಕಟ್ಟಿನ ಕೊಂಡಿ

ರಾಕೆಟ್ ಹಾರಿಸುವ ತಾಣದ ಪಕ್ಕದ ನಮ್ಮ ಟೈಟಸ್‌ವಿಲ್‌ನಲ್ಲಿ ಡೆಲ್ಮರ್ ಸ್ಟೌಟ್‌ನಷ್ಟು ಜಂಬದ ಮುದುಕ ಇನ್ನೊಬ್ಬನಿಲ್ಲ. ಇರಲಿ ಬಿಡಿ, ಜಂಬಕ್ಕೆ ಕಾರಣವೂ ಇತ್ತು. ಗಗನಯಾತ್ರಿಗಳಿಗೆ ಉಡುಪು ತೊಡಿಸಿ, ಕೈಗವಸು ಬಿಗಿದು ಕಳಿಸುವುದು ಅವನ ಕೆಲಸವಾಗಿತ್ತು. ಇಪ್ಪತ್ತೆರಡು ವರ್ಷ, ಒಂದೇ ಒಂದು ತಪ್ಪಿಲ್ಲ! ಹೆಸರಾಂತ ಗಗನಯಾತ್ರಿ ಕಮಾಂಡರ್ ಹಾಲಿಸ್ ಎರಡನೆಯ ಸಲ ಬಾಹ್ಯಾಕಾಶಕ್ಕೆ ಹೊರಟಾಗಲೂ ಡೆಲ್ಮರನೇ ಬೇಕೆಂದು ಹಟ ಹಿಡಿದಿದ್ದರು. ಈ ಕಥೆಯನ್ನು ಅವನ ಬಾಯಿಂದ ನೂರು ಸಲ ಕೇಳದವರು ಊರಲ್ಲಿಲ್ಲ.

ಹಾಲಿಸ್ ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ ವಾಷಿಂಗ್ಟನ್ನಿನ ಸಂಸತ್ತಿಗೆ ಜ್ಞಾನೋದಯವಾಯಿತು. ಎರಡೂ ಸದನಗಳು ಸೇರಿ ಕಾನೂನು ಮಾಡಿ, ಅವರಿಗೆ ರಾಷ್ಟ್ರದ ಚಿನ್ನದ ಪದಕ ಕೊಡಲು ಒಪ್ಪಿದವು. ಪದಕ ಕೆತ್ತುವ ಕಾರಿನ್ ಎಂಬ ಹುಡುಗಿ, ಉಡುಪಿನ ವಿವರ ಸರಿಯಿದೆಯೇ ನೋಡಿ ಎಂದು ಡೆಲ್ಮರನಿಗೆ ಕರಡು ಚಿತ್ರ ಕಳಿಸಿದಳು. ಅವನು ಕೂಡಲೇ ಫೋನ್ ಎತ್ತಿದ.

"ಏನಮ್ಮಾ, ಕಮಾಂಡರನ್ನ ಸಾಯಿಸಬೇಕಂತಿದ್ದೀಯಾ? ಎಡಗೈ ಮಣಿಕಟ್ಟು ನೋಡು. ಕೈಗವಸನ್ನ ತೋಳಿಗೆ ಸೇರಿಸೋ ಲೋಹದ ಬಳೆ ತಿರುಗಿಸಿದ ಮೇಲೆ ಆ ಪುಟ್ಟ ಕೊಂಡೀನ ಒಳಗೆ ತಳ್ಳಬೇಕು. ನೀನು ತೆರೆದೇ ಬಿಟ್ಟಿದ್ದೀಯ. ಎಲ್ಲಾದ್ರೂ ತಗುಲಿ ಬಳೆ ಬಿಚ್ಕೊಂಡ್ರೆ ಗಾಳಿಯೆಲ್ಲ ಹೊರಗೆ, ಮನುಷ್ಯ ಗೊಟಕ್!"

"ಫೋಟೋ ನೋಡೇ ಬರೆದಿದ್ದು ಸರ್."

"ಯಾವ ಸೀಮೆ ಫೋಟೋ? ಕಳಿಸು ನೋಡೋಣ."

ಫೋಟೋ ಬಂತು. ಮೊದಲ ಯಾನದ ಬೆಳಿಗ್ಗೆ ಹಾಲಿಸ್ ರಾಕೆಟ್ಟಿನ ಬಳಿಗೆ ಒಯ್ಯುವ ವ್ಯಾನಿನತ್ತ ನಡೆಯುತ್ತಿದ್ದಾರೆ. ಪಕ್ಕದಲ್ಲಿ ಹಲ್ಲು ಕಿರಿಯುತ್ತಿರುವ ಪ್ರಾಯದ ಡೆಲ್ಮರ್. ಮುದುಕ ಭೂತಗನ್ನಡಿ ಹಿಡಿದು ನೋಡಿದ. ಕೊಂಡಿ ತೆರೆದೇ ಇತ್ತು. ಆ ಕೈಗವಸು ಬಿಗಿದವನು ಅವನೇ.

"ಏನ್ರೀ, ದೆವ್ವ ಕಂಡೋರ ಹಾಗೆ ಕೂತಿದ್ದೀರಲ್ಲ?" ಎಂದಳು ಹೆಂಡತಿ ಬರ್ನಿಸ್. ಎರಡು ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ. ಪಾಪ, ಅವನ ಬಾಳೆಲ್ಲ ನಿಂತಿದ್ದು 'ಒಂದೇ ಒಂದು ತಪ್ಪಿಲ್ಲ' ಎಂಬ ಆ ಒಂದೇ ಮಾತಿನ ಮೇಲೆ. ಮೂರನೆಯ ದಿನ ಧೈರ್ಯ ಮಾಡಿ ಹಾಲಿಸರ ಹೆಂಡತಿ ಯೂಡೋರಾಗೆ ಫೋನ್ ಮಾಡಿದ.

"ಮೇಡಂ, ಅವತ್ತು ನಾನು ಅವರ ಎಡಗೈದು..."

"ಕೊಂಡಿ ತಾನೇ? ವ್ಯಾನಲ್ಲಿ ಅವರೇ ನೋಡಿ ತಳ್ಕೊಂಡ್ರಂತೆ. ಈಗ ಗೊತ್ತಾಯ್ತೇನೋ ನಿನಗೆ?"

"ನನಗೆ ಒಂದು ಮಾತು ಹೇಳಬಾರದಿತ್ತಾ ಮೇಡಂ?"

"ಹೇಳಿದ್ರೆ ನಿನ್ನ ಕೆಲಸ ಉಳೀತಿತ್ತೇನೋ? 'ಎರಡನೇ ಸಲವೂ ಆ ಡೆಲ್ಮರನೇ ಯಾಕೆ' ಅಂತ ನಾನು ಅವರ ಜೊತೆ ಜಗಳ ಆಡಿದೆ ಕಣೋ. 'ಗೊತ್ತಾದ್ರೆ ಆಮೇಲೆ ಅವನ ಕೈ ನಡುಗುತ್ತೆ. ಒಳ್ಳೇ ಕೈ ಅದು, ಹಾಳು ಮಾಡಲ್ಲ ನಾನು' ಅಂದುಬಿಟ್ರು."

ಡೆಲ್ಮರ್ ಫೋನಿಟ್ಟು, ಭೂತಗನ್ನಡಿ ಹಿಡಿದು ಆ ಫೋಟೋವನ್ನು ಮತ್ತೊಮ್ಮೆ ನೋಡಿದ. ಆಮೇಲೆ ಕಾರಿನ್‌ಗೆ ಫೋನ್ ಮಾಡಿದ.

"ಕೊಂಡಿ ಮುಚ್ಚಿಬಿಡಮ್ಮ."

"ಫೋಟೋದಲ್ಲಿ ತೆರೆದಿದೆಯಲ್ಲ ಸರ್?"

"ತೆರೆದು ಬಿಟ್ಟಿದ್ದು ನಾನು. ಅದನ್ನ ಯಾರಿಗೆ ಬೇಕಾದ್ರೂ ಹೇಳು, ಪೇಪರ್‌ನಲ್ಲೂ ಹಾಕ್ಸು. ಆದ್ರೆ ಪದಕ ನನ್ನದಲ್ಲ. ಕೊಂಡಿ ಮುಚ್ಚಿಕೊಂಡು ಆಕಾಶಕ್ಕೆ ಹೋದೋರು ಅವರು."

ಅಷ್ಟು ಹೇಳಿ ಫೋನಿಟ್ಟು, ಎಂಬತ್ತನಾಲ್ಕರ ಡೆಲ್ಮರ್ ಗೊಳೋ ಎಂದು ಅತ್ತ.