ಡ್ರ್ಯಾಗನ್‌ಗೆ ಪಕ್ಕದ ಊರು ತೋರಿಸಿದ ಟೀಚರಮ್ಮ

ಹಡಗಲಿ ದಾಟಿದ ಮೇಲೆ ನಮ್ಮ ಬಸ್ಸು ಕೆಟ್ಟು ನಿಂತಿತು. ಮೆಕ್ಯಾನಿಕ್ ಬರುವವರೆಗೆ ಹೊತ್ತು ಹೋಗಲೆಂದು, ಪಕ್ಕದ ಸೀಟಿನ ನಿವೃತ್ತ ಟೀಚರಮ್ಮನಿಗೆ ನಾನು ಗೆಳೆಯರಿಗಾಗಿ ಆರು ತಿಂಗಳು ಕೂತು ಕಟ್ಟಿದ ದಾಳದ ಆಟ ಹೇಳಿಕೊಟ್ಟೆ. ಕಥೆ ನಾನು ಹೇಳಬೇಕು, ಸಾಹಸಿಯಾಗಿ ಅವರು ಆಡಬೇಕು.

"ಊರಿನ ಕುರಿಗಳನ್ನ ಡ್ರ್ಯಾಗನ್ ವಾರಕ್ಕೊಂದು ತಿಂತೈತಿ. ನೀವೇನ್ ಮಾಡ್ತೀರಿ?"

ಕತ್ತಿ ಹಿಡಿಯುತ್ತಾರೆಂದುಕೊಂಡಿದ್ದೆ. ಅವರು ಹಣೆಯ ವಿಭೂತಿ ಸರಿಮಾಡಿಕೊಂಡು ಹೇಳಿದರು: "ಪಕ್ಕದ ಊರಾಗ ಇನ್ನೂ ದಪ್ಪ ಕುರಿ ಅದಾವು ಅಂತ ಅದಕ್ಕ ಹೇಳ್ತೀನ್ರಿ."

ಡ್ರ್ಯಾಗನ್ ನಂಬಬೇಕಾದರೆ ಇಪ್ಪತ್ತು ಮುಖದ ದಾಳದಲ್ಲಿ ಹದಿನೈದು ದಾಟಬೇಕು ಎಂದೆ. ಹದಿನೆಂಟು ಬಿತ್ತು.

"ಆಮ್ಯಾಲೆ ಆ ಊರಿಗೇ ಹೋಗಿ, ಡ್ರ್ಯಾಗನ್ ಓಡಸೋರು ನಾವು ಅಂತೀನಿ. ಹೋಳಿಗಿ ಊಟ ಹಾಕ್ತಾರ."

"ಇದು ಮೋಸ ಅಲ್ಲೇನ್ರಿ, ಮೇಡಂ?"

"ಮೂವತ್ತು ವರ್ಷ ಮಕ್ಕಳಿಗೆ ನೀತಿಪಾಠ ಹೇಳೀನ್ರಿ," ಅಂದರು ಶಾಂತವಾಗಿ. "ಇದೊಂದು ಆಟ ಆಡಾಕ ಬಿಡ್ರಿ."

ಬಿಟ್ಟೆ. ಬಸ್ಸು ರಿಪೇರಿಯಾಗಿ ಹೊರಟರೂ ಆಟ ನಿಲ್ಲಲಿಲ್ಲ. ಹರಪನಹಳ್ಳಿ ಬರುವಷ್ಟರಲ್ಲಿ ಅವರು ಇನ್ನೂ ಮೂರು ಊರಿಗೆ ಟೋಪಿ ಹಾಕಿ, ಹೊಟ್ಟೆ ತುಂಬಿದವರಂತೆ ನಗುತ್ತ ಇಳಿದುಹೋದರು. ನನಗೂ ಖುಷಿಯೇ. ಆದರೆ ನಾನು ಕಟ್ಟಿದ ರಾಜ್ಯದಲ್ಲಿ ಈಗ ಪ್ರಾಮಾಣಿಕವಾಗಿ ಉಳಿದಿರುವುದು ಆ ಡ್ರ್ಯಾಗನ್ ಒಂದೇ.