ಕೆಂಪಮ್ಮನ ಸ್ಟಿಕ್ಕರ್

ಕೇಳ್ರಪ್ಪಾ, ಸಮಾಜ ಕಾರ್ಯದಲ್ಲಿ ಮೊದಲು ಯಾವ ಸಂಶೋಧನೆ ಆಗಬೇಕು ಅಂತ ಫಲಾನುಭವಿಗಳನ್ನೇ ಕೇಳೋ ಸಭೆ ಇವತ್ತು ಕನಕಪುರದಲ್ಲಿತ್ತು. ಗೋಡೆ ಮೇಲೆ ಹತ್ತು ವಿಷಯಗಳ ಚಾರ್ಟು. ಬೇಕಾದ್ದಕ್ಕೆ ಸ್ಟಿಕ್ಕರ್ ಅಂಟಿಸಬೇಕು. ಸಮಾಜ ಕಾರ್ಯಕರ್ತೆಯಾಗಿ ನಾನು ಮನೆಭೇಟಿಗೆ ಹೋಗುವ ಉಯ್ಯಂಬಳ್ಳಿಯ ಕೆಂಪಮ್ಮನಿಗೆ ಕಣ್ಣು ಕಾಣಲ್ಲ. ಅವರ ಕೈಗೂ ಒಂದು ಕೊಟ್ಟರು.

"ನೀವು ಹೇಳಿ ಅಜ್ಜಿ, ನಾನೇ ಅಂಟಿಸ್ತೀನಿ" ಅಂದರು ಸಂಚಾಲಕರು.

"ನಾಕ್ ತಿಂಗ್ಳಿಗೊಬ್ರು ಮೇಡಮ್ಮು ಬದ್ಲಾಯ್ತಾರೆ. ಪ್ರತಿ ಸಲ ನನ್ ಕತೆ ಮೊದ್ಲಿಂದ ಹೇಳ್ಬೇಕು. ಅದ್ಯಾಕೆ ಅಂತ ಒಸಿ ಸಂಶೋಧನೆ ಮಾಡಿ ಸ್ವಾಮಿ."

ಅದು ಚಾರ್ಟಿನಲ್ಲಿ ಇರಲಿಲ್ಲ. ಸಂಚಾಲಕರು ಅಜ್ಜಿಯ ಸ್ಟಿಕ್ಕರನ್ನು 'ಡಿಜಿಟಲ್ ಅರಿವು' ಮೇಲೆ ಅಂಟಿಸಿದರು. ಕೊನೆಗೆ ಅದೇ ಬಹುಮತದಿಂದ ಗೆದ್ದಿತು.

ಬಸ್ ಹತ್ತುವಾಗ ಕೆಂಪಮ್ಮ ಕೇಳಿದರು, "ನನ್ ಮಾತು ಬರ್ಕೊಂಡ್ರೇನವ್ವ?"

"ಹ್ಞೂಂ" ಅಂದೆ.

ಮುಂದಿನ ತಿಂಗಳು ನನಗೆ ಮಾಗಡಿಗೆ ವರ್ಗ. ಆ ಸುದ್ದಿ ಅವರಿಗೆ ಹೊಸ ಮೇಡಂ ಹೇಳ್ತಾರೆ ಬಿಡಿ.